ಅನ್ಯದೇಶ್ಯ ಪದಗಳು ಮತ್ತು ಕಲಬುರಗಿಯ ಕನ್ನಡ

ಕಲಬುರಗಿ ಸೀಮೆಯ ಕನ್ನಡವನ್ನು ‘ಬೆರಕೆ ಭಾಷೆ’ ಎಂದು ಕರೆಯುವುದುಂಟು. ಅರಬ್ಬಿ, ಪಾರಸಿ ಮೂಲದ ಪದಗಳು ಅದರಲ್ಲಿ ಹೇರಳವಾಗಿವೆ ಎಂಬುದೇ ಈ ಮಾತಿಗೆ ಆಧಾರ. ಆದರೆ ಆ ಪದಗಳು ಯಾವ ದಾರಿಯಿಂದ ಬಂದವು, ಬಂದ ಮೇಲೆ ಯಾವ ರೂಪ ತಾಳಿದವು ಎಂಬುದನ್ನು ಪರಿಶೀಲಿಸಿದರೆ ಈ ತೀರ್ಪು ನಿಲ್ಲುವುದಿಲ್ಲ.

1347ರಲ್ಲಿ ಬಹಮನಿ ರಾಜ್ಯಕ್ಕೆ ಕಲಬುರಗಿ ರಾಜಧಾನಿಯಾಯಿತು. 15ನೆಯ ಶತಮಾನದ ಪೂರ್ವಾರ್ಧದಲ್ಲಿ ರಾಜಧಾನಿ ಬೀದರಿಗೆ ಹೋದರೂ ಆಡಳಿತದಲ್ಲಿ ಪಾರಸಿಯ ಸ್ಥಾನ ಉಳಿಯಿತು. ನಿಜಾಮರ ಆಳ್ವಿಕೆಯಲ್ಲಿ, 1880ರ ದಶಕದಲ್ಲಿ, ಆ ಸ್ಥಾನ ಉರ್ದುವಿಗೆ ದೊರೆಯಿತು. 1948ರವರೆಗೂ ಕಚೇರಿ, ನ್ಯಾಯಾಲಯಗಳ ಭಾಷೆ ಅದೇ ಆಗಿತ್ತು. 1918ರಲ್ಲಿ ಸ್ಥಾಪನೆಗೊಂಡ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉನ್ನತ ಶಿಕ್ಷಣವೂ ಉರ್ದುವಿನಲ್ಲಿಯೇ ನಡೆಯಿತು.

ಈ ಚರಿತ್ರೆ ಪದಗಳ ಹಂಚಿಕೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕೆಂಪು ಬಾಳೆಗೆ ಹೆಸರಾದ ಕಮಲಾಪುರ ಕಲಬುರಗಿಯಿಂದ ಬೀದರಿನ ಕಡೆಗೆ ಹೋಗುವ ಹಾದಿಯಲ್ಲಿದೆ. ಅಲ್ಲಿನ ಹೊಲದೊಳಗೆ ನೇಗಿಲು, ಕುಂಟೆ, ಕೂರಿಗೆ, ಕಳೆ, ತೊಗರಿ, ಜೋಳ, ಬಾಳೆ ಎಲ್ಲವೂ ಕನ್ನಡದವೇ. ಅದೇ ಹೊಲ ಸರಕಾರದ ಲೆಕ್ಕಕ್ಕೆ ಸೇರಿದೊಡನೆ ‘ಜಮೀನು’ ಆಗುತ್ತದೆ. ವಸೂಲಿ, ಬಾಕಿ, ಜಪ್ತಿ, ಅರ್ಜಿ, ತಹಶೀಲು ಅದರ ಹಿಂದೆಯೇ ಬರುತ್ತವೆ. ಉಳುವವನಿಗೂ ಎರಡು ಹೆಸರು. ‘ಒಕ್ಕಲಿಗ’ ಎಂಬುದು ಅವನ ಬಾಳುವೆಯನ್ನು ಸೂಚಿಸಿದರೆ, ಅರಬ್ಬಿ ಮೂಲದ ‘ರೈತ’ ಎಂಬುದು ಪ್ರಭುತ್ವಕ್ಕೆ ಅಧೀನನಾದ ಪ್ರಜೆ ಎಂಬ ಅರ್ಥದಿಂದ ಬಂದದ್ದು. ಪದಗಳು ಅಧಿಕಾರದ ದಾರಿಯನ್ನೇ ಹಿಡಿದು ಬಂದಿವೆ.

ಹೀಗೆ ಬಂದ ಪದಗಳನ್ನು ಕನ್ನಡ ಇದ್ದಂತೆಯೇ ಸ್ವೀಕರಿಸಲಿಲ್ಲ. ಅಸ್ಲ್, ನಕ್ಲ್, ಫಸ್ಲ್, ಹುಕ್ಮ್ ಎಂಬುವು ಅಸಲು, ನಕಲು, ಫಸಲು, ಹುಕುಂ ಆದವು. ಒತ್ತಕ್ಷರವನ್ನು ಬಿಡಿಸಿ ನಡುವೆ ಸ್ವರವನ್ನಿಡುವುದು, ವ್ಯಂಜನಾಂತಕ್ಕೆ ಉಕಾರ ಹಚ್ಚುವುದು ಇಲ್ಲಿಯ ಕ್ರಮ. ಭಕ್ತಿ ‘ಬಕುತಿ’ಯಾದದ್ದು, ಶಬ್ದ ‘ಸಬುದ’ವಾದದ್ದು, ರತ್ನ ‘ರತುನ’ವಾದದ್ದು ಇದೇ ಬಗೆಯಲ್ಲಿ. 13ನೆಯ ಶತಮಾನದ ಜೈನ ವೈಯಾಕರಣ ಕೇಶಿರಾಜನು ‘ಶಬ್ದಮಣಿದರ್ಪಣ’ದ ಅಪಭ್ರಂಶ ಪ್ರಕರಣದಲ್ಲಿ ತದ್ಭವಗಳನ್ನು ವಿವೇಚಿಸಿದ್ದಾನೆ. ಸಂಸ್ಕೃತ ಪದಗಳು ಹಾದುಬಂದ ಬಾಗಿಲಿನಿಂದಲೇ ಪಾರಸಿ, ಅರಬ್ಬಿ ಪದಗಳೂ ಒಳಬಂದಿವೆ. ಪ್ರಾದೇಶಿಕ ಉಚ್ಚಾರಣೆಯೂ ಅವುಗಳಿಗೆ ಹೊರತಾದುದಲ್ಲ: ಮನೆ ‘ಮನಿ’ಯಾಗುವ ನಾಡಿನಲ್ಲಿ ದವಾಖಾನೆ ‘ದವಾಖಾನಿ’ಯಾಗಿದೆ.

ಸಮಾಸದ ಪ್ರಶ್ನೆಯೂ ಹೊಸದಲ್ಲ. ಕಲಬುರಗಿಗೆ ಸಮೀಪದ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ 9ನೆಯ ಶತಮಾನದಲ್ಲಿ ರಚಿತವಾದ ‘ಕವಿರಾಜಮಾರ್ಗ’ವು ಕನ್ನಡ, ಸಂಸ್ಕೃತ ಪದಗಳನ್ನು ಹೊಂದಿಕೆಯಿಲ್ಲದೆ ಬೆರೆಸುವುದನ್ನು ದೋಷವೆಂದು ಎಣಿಸಿತು. ಇಂಥ ಮಿಶ್ರಣ ವ್ಯಾಕರಣದಲ್ಲಿ ‘ಅರಿಸಮಾಸ’ ಎನಿಸಿತು. ಆದರೂ ಬಳಕೆಯಲ್ಲಿ ನೆಲೆಗೊಂಡ ರೂಪಗಳಿಗೆ ವೈಯಾಕರಣರು ಎಡೆಕೊಡಬೇಕಾಯಿತು. ಕನ್ನಡದ ಗುತ್ತಿಗೆ, ಪಾಲು, ಹಿಡುವಳಿಗಳಿಗೆ ಪಾರಸಿಯ ‘ದಾರ್’ ಸೇರಿ ಗುತ್ತಿಗೆದಾರ, ಪಾಲುದಾರ, ಹಿಡುವಳಿದಾರ ಎಂದಾದುದು ಅದೇ ಕಥೆಯ ಮುಂದಿನ ಅಧ್ಯಾಯ. ‘ಬದಲ್’ ಎಂಬ ಅರಬ್ಬಿ ಪದದಿಂದ ‘ಬದಲಾಯಿಸು’ ಎಂಬ ಕ್ರಿಯಾಪದವೇ ಹುಟ್ಟಿತು. ಅದರ ಕಾಲ, ಲಿಂಗ, ವಚನಗಳೆಲ್ಲ ಕನ್ನಡದವು.

ಇವುಗಳಲ್ಲಿ ಹೆಚ್ಚಿನವು ಕಲಬುರಗಿಗೆ ಸೀಮಿತವೂ ಅಲ್ಲ. ಜಿಲ್ಲೆ, ತಾಲೂಕು, ವಕೀಲ, ಕಾಗದಗಳಿಲ್ಲದೆ ಮೈಸೂರಿನ ಕನ್ನಡವೂ ಸಾಗದು. ಹಾಗಿರುವಾಗ ಒಂದು ಸೀಮೆಯ ನುಡಿಯನ್ನಷ್ಟೇ ಬೆರಕೆ ಎನ್ನುವುದು ಶಾಸ್ತ್ರಸಮ್ಮತವಲ್ಲ.

1956ರ ಏಕೀಕರಣದ ತರುವಾಯ ಪಠ್ಯ ಮತ್ತು ಕಚೇರಿಗಳ ಏಕರೂಪದ ಕನ್ನಡ ಈ ಸೀಮೆಗೂ ಬಂದಿತು. ‘ದವಾಖಾನೆ’ಯ ಎಡೆಯಲ್ಲಿ ‘ಆಸ್ಪತ್ರೆ’ ಶಿಷ್ಟವೆನಿಸಿತು. ಆದರೆ ಆಸ್ಪತ್ರೆಯೂ ಯುರೋಪಿನಿಂದ ಬಂದ ಪದವೇ. ಒಂದು ಅನ್ಯದೇಶ್ಯ ಪದ ಹೋಗಿ ಇನ್ನೊಂದು ಬಂದುದರಿಂದ ಭಾಷೆ ಶುದ್ಧವಾಗಲಿಲ್ಲ. ಆರು ಶತಮಾನಗಳ ಸಾಕ್ಷ್ಯವೊಂದು ಮಾತ್ರ ಮಸುಕಾಯಿತು. ಶಾಸನಗಳನ್ನು ಓದುವಷ್ಟೇ ಶ್ರದ್ಧೆಯಿಂದ ಈ ಪದಗಳನ್ನು, ಅವುಗಳನ್ನು ಆಡುವ ಹಿರಿಯರಿರುವಾಗಲೇ, ಸಂಗ್ರಹಿಸುವುದು ಕನ್ನಡ ಸಂಶೋಧನೆಯ ಕರ್ತವ್ಯವಾಗಿದೆ.