ತೆರೆದ ಕಿಟಕಿಯ ಮುಂದೆ ಹವಳ

ಮನೆಯ ಅಕ್ವೇರಿಯಂನಲ್ಲಿ ಹವಳ ಸಾಕುವವರು ನೀರಿನ ಉಪ್ಪು, ಬಿಸಿ ಎಲ್ಲವನ್ನೂ ಅಳೆಯುತ್ತಾರೆ. ಕೋಣೆಯ ಗಾಳಿಯತ್ತ ಗಮನ ಹೋಗುವುದು ಕಡಿಮೆ. ಆದರೆ ಈ ಹವ್ಯಾಸದ ಚರಿತ್ರೆಯ ಆರಂಭದಲ್ಲೇ ಗಾಳಿಯ ಪ್ರಶ್ನೆಯಿದೆ.

1846ರಲ್ಲಿ ಅನ್ನಾ ಥಿನ್ ಎಂಬಾಕೆ ಇಂಗ್ಲೆಂಡಿನ ಟಾರ್ಕಿ ಕಡಲತೀರದಿಂದ ಜೀವಂತ ಹವಳಗಳನ್ನು ಲಂಡನ್ನಿನ ಮನೆಗೆ ತಂದರು. ಅಲ್ಲಿ ಪದೇ ಪದೇ ಹೊಸ ಸಮುದ್ರದ ನೀರು ತರಿಸುವುದು ಕಷ್ಟ. ಹಾಗಾಗಿ ಇದ್ದ ನೀರನ್ನೇ ತೆರೆದ ಕಿಟಕಿಯ ಮುಂದೆ ಅರ್ಧ ಮುಕ್ಕಾಲು ಗಂಟೆ ಪಾತ್ರೆಯಿಂದ ಪಾತ್ರೆಗೆ ಸುರಿಸಿ, ಗಾಳಿ ಬೆರೆಸಿ ಮತ್ತೆ ಬಳಸಿದರು. ಮುಂದೆ ಕಡಲಪಾಚಿಯನ್ನೂ ಜೊತೆಗಿಟ್ಟರು. ಹವಳಗಳು ಬದುಕಿದವು. ನೀರು ಸುರಿಯುತ್ತಿದ್ದವಳು ಮನೆಗೆಲಸದ ಹುಡುಗಿ. ಅವಳಿಗದು ಆಟದಂತಿತ್ತು ಎಂದು ಥಿನ್ ಬರೆದರು; ಅವಳ ಹೆಸರು ಬರೆಯಲಿಲ್ಲ.

ಅವಳ ಕೆಲಸವನ್ನು ಇಂದು ಏರ್ ಪಂಪು, ಪ್ರೋಟೀನ್ ಸ್ಕಿಮ್ಮರ್‌ಗಳು ಮಾಡುತ್ತವೆ. ಸಾಮಾನ್ಯವಾಗಿ ಅವು ಎಳೆದುಕೊಳ್ಳುವುದು ಕೋಣೆಯ ಗಾಳಿಯನ್ನೇ. ನಾವು ಸಿಂಪಡಿಸಿದ ರೂಂ ಫ್ರೆಶ್ನರ್‌ನ ಹನಿ, ಹಚ್ಚಿದ ಊದುಬತ್ತಿಯ ಹೊಗೆ ಆ ಗುಳ್ಳೆಗಳ ಜೊತೆ ನೀರಿಗಿಳಿಯಬಹುದು. ಘಾಟು ತಾಳದಿದ್ದರೆ ನಾವು ಎದ್ದು ಹೊರಗೆ ಹೋಗುತ್ತೇವೆ, ಹವಳ ಎಲ್ಲಿಗೆ ಹೋದೀತು? ಅದಿರುವ ಕೋಣೆಯಲ್ಲಿ ಸುಗಂಧ ಬೇಡ. ವಾಸನೆ ಹೋಗಬೇಕೆಂದರೆ, ಆ ಹುಡುಗಿಯ ಹಾಗೆ ಕಿಟಕಿ ತೆರೆದರೆ ಸಾಕು.