ಉಕ್ಕಿನಲ್ಲಿ ಬರೆದ ಶಾಸನ

ಬಾರಕೂರು, ಬಸರೂರುಗಳ ಕಡೆ ಶಾಸನಗಳನ್ನು ಹುಡುಕಿಕೊಂಡು ಹೋದವರಿಗೆ ಒಂದು ಅನುಭವ ಆಗಿಯೇ ಇರುತ್ತದೆ. ಕಲ್ಲು ಇರುತ್ತದೆ, ಅಕ್ಷರವೂ ಇರುತ್ತದೆ. ಆದರೆ ಯಾರೋ ಪುಣ್ಯಾತ್ಮರು ಉತ್ಸವದ ಸಂಭ್ರಮದಲ್ಲಿ ಅದರ ಮೇಲೆ ದಪ್ಪಗೆ ಸುಣ್ಣ ಬಳಿದಿರುತ್ತಾರೆ. ಬಳಿದವರ ಮನಸ್ಸಿನಲ್ಲಿ ಕೆಡುಕೇನೂ ಇರುವುದಿಲ್ಲ. ಹಳೆಯದು ಚೊಕ್ಕಟವಾಗಿ ಕಾಣಲೆಂಬ ಆಸೆ, ಅಷ್ಟೆ. ಅಂಥ ಸುಣ್ಣವನ್ನು ನಾನೂ ಒಮ್ಮೆ ಬಳಿದಿದ್ದೇನೆ. ನಾನು ಬಳಿದದ್ದು ಒಂದು ಸೈಕಲ್ಲಿಗೆ.

ವಂಡ್ಸೆಯ ನಮ್ಮ ಮನೆಯ ಜಗಲಿಯಲ್ಲಿ ಅಜ್ಜಯ್ಯನ ರ‍್ಯಾಲಿ ಸೈಕಲ್ಲು ಈಗಲೂ ಇದೆ. ‘ಇದು ಹಡಗಿನಲ್ಲಿ ಬಂದ ಸೈಕಲ್ಲು’ ಎಂದು ಅವರು ಹೇಳುತ್ತಿದ್ದರು. ಮಾತು ಅಸಂಭವವಾದುದಲ್ಲ. 1956ರ ನವೆಂಬರಿನವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಅಲ್ಲಿಯ ಬಂದರಿಗೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್, ಬರ್ಮಿಂಗ್‌ಹ್ಯಾಮ್‌ಗಳಿಂದ ಸೈಕಲ್ಲುಗಳು ಬರುತ್ತಿದ್ದವು. ಸ್ವಾತಂತ್ರ್ಯ ಬಂದಮೇಲೆ ಇಲ್ಲಿಯೇ ಕಾರ್ಖಾನೆಗಳು ಎದ್ದವು. 1949ರಲ್ಲಿ ಮದ್ರಾಸಿನಲ್ಲಿ ಟಿ.ಐ. ಸೈಕಲ್ಸ್ ಸ್ಥಾಪನೆಯಾಗಿ ಹರ್ಕ್ಯುಲಿಸ್ ನಮ್ಮದಾಯಿತು. ಐವತ್ತರ ದಶಕದ ಆರಂಭದಲ್ಲಿ ಬಂಗಾಳದ ಆಸನ್‌ಸೋಲಿನಲ್ಲಿ ಸೆನ್-ರ‍್ಯಾಲಿ ಕಾರ್ಖಾನೆ ಕೆಲಸ ತೊಡಗಿತು. ಹೀಗಾಗಿ ಒಂದೇ ಹೆಸರಿನ ಸೈಕಲ್ಲಿಗೆ ಎರಡು ತೌರೂರುಗಳಾದವು. ಅಜ್ಜಯ್ಯನದು ಯಾವ ಊರಿನದು? ಹ್ಯಾಂಡಲಿನ ಕೆಳಗಿನ ಬಿಲ್ಲೆಯೂ ಕೊಳವೆಯ ಮೇಲಿನ ಬರಹವೂ ಅದನ್ನು ಹೇಳಬಲ್ಲವಾಗಿದ್ದವು. ನನಗೆ ಕೆಲಸ ಸಿಕ್ಕ ವರ್ಷ, ಅಜ್ಜಯ್ಯನ ನೆನಪಿಗೆ ಗೌರವವೆಂದು ಬಗೆದು, ಅದನ್ನು ಉಜ್ಜಿಸಿ ಕಡುನೀಲಿ ಬಣ್ಣ ಹೊಡೆಸಿದೆ. ಬಿಲ್ಲೆ ಕಳೆದುಹೋಯಿತು, ಬರಹ ಉಪ್ಪುಕಾಗದಕ್ಕೆ ಆಹುತಿಯಾಯಿತು, ಸೀಟಿನ ಬುಡದ ಅಂಕಿಗಳನ್ನೂ ಅರ ತಿಂದುಹಾಕಿತು. ಸೈಕಲ್ಲು ಮಿರಮಿರನೆ ಮಿಂಚಿತು, ಆದರೆ ಮೂಕವಾಯಿತು.

ಇದೆಲ್ಲ ಮತ್ತೆ ನೆನಪಾದದ್ದು ನನ್ನ ತಂಗಿಯ ಮಗನಿಂದ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅವನು, ಊರು ಬಿಟ್ಟು ಹೊರಟಿದ್ದ ವಿದೇಶೀಯರೊಬ್ಬರಿಂದ ಹಳೆಯ ರೇಸ್ ಸೈಕಲ್ಲೊಂದನ್ನು ಕೊಂಡು, ರಜೆಗೆ ಬರುವಾಗ ವಂಡ್ಸೆಗೇ ತಂದಿದ್ದ. ತೆಳ್ಳನೆಯ ಉಕ್ಕಿನ ಕೊಳವೆಗಳು, ಬಾಗಿದ ಹ್ಯಾಂಡಲು, ಅಲ್ಲಲ್ಲಿ ತುಕ್ಕು, ಅರ್ಧಂಬರ್ಧ ಸುಲಿದ ಕೆಂಪು ಬಣ್ಣ. ತಯಾರಕರ ಹೆಸರಿಲ್ಲ. ‘ಇಟಲಿಯದಂತೆ’ ಎಂಬುದೊಂದೇ ಅವನಿಗೆ ಸಿಕ್ಕಿದ್ದ ಐತಿಹ್ಯ. ಬಂದವನೇ ಕೇಳಿದ: ‘ಮಾವ, ಬಣ್ಣ ಹೊಡ್ಸಿರೆ ಎಂತ?’

ಮೊದಲು ಓದೋಣ, ಆಮೇಲೆ ಹೊಡೆಸೋಣ ಎಂದೆ.

ಇಟಲಿಯ ಸೈಕಲ್ಲಿನ ಕಥೆ ದೊಡ್ಡದು. ಎಡ್ವಾರ್ಡೊ ಬಿಯಾಂಕಿ ಮಿಲಾನಿನಲ್ಲಿ ಅಂಗಡಿ ತೆರೆದದ್ದು 1885ರಲ್ಲಿ. ಆ ಸಂಸ್ಥೆಯ ಸೈಕಲ್ಲಿನ ಮೇಲೆಯೇ ಫಾಸ್ಟೊ ಕೊಪ್ಪಿ 1949ರಲ್ಲಿ ಇಟಲಿಯ ಹಾಗೂ ಫ್ರಾನ್ಸಿನ ಮಹಾಸ್ಪರ್ಧೆಗಳೆರಡನ್ನೂ ಗೆದ್ದ. ಟುಲ್ಲಿಯೊ ಕಂಪಾನ್ಯೊಲೊ ಎಂಬ ಸವಾರ 1927ರಲ್ಲಿ ಹಿಮ ಬಿದ್ದ ಕಣಿವೆದಾರಿಯೊಂದರಲ್ಲಿ ಮರಗಟ್ಟಿದ ಬೆರಳುಗಳಿಂದ ಚಕ್ರದ ನಟ್ಟು ಬಿಚ್ಚಲಾರದೆ ಸೋತನಂತೆ. ಅದರಿಂದಲೇ ಒಂದೇ ಸನ್ನೆಯಿಂದ ಚಕ್ರ ಕಳಚುವ ಉಪಾಯ ಹೊಳೆಯಿತೆಂದು ಕಥೆ. ಕಥೆ ಹೇಗಾದರೂ ಇರಲಿ, 1933ರಲ್ಲಿ ವಿಚೆಂಜಾ ಪಟ್ಟಣದಲ್ಲಿ ಅವನು ಸ್ಥಾಪಿಸಿದ ಕಾರ್ಖಾನೆಯ ಗೇರು, ಹಬ್ಬುಗಳು ಲೋಕಪ್ರಸಿದ್ಧವಾದವು. ಆದರೆ ಫ್ರೇಮು ಕಟ್ಟುತ್ತಿದ್ದವರಲ್ಲಿ ಅನೇಕರು ಸಣ್ಣ ಕಮ್ಮಟಗಳ ಕುಶಲಿಗಳು. ಒಬ್ಬ ಕಟ್ಟಿದ್ದಕ್ಕೆ ಇನ್ನೊಬ್ಬನ ಹೆಸರು ಅಂಟಿಸುವುದು ಅಲ್ಲಿ ಅಪರೂಪವಾಗಿರಲಿಲ್ಲ. ಆದುದರಿಂದ ಹೆಸರಿನ ಚೀಟಿ ಅತ್ಯಂತ ದುರ್ಬಲ ಸಾಕ್ಷಿ. ಕಾಲ ನಮೂದಿಸದ ಶಾಸನವನ್ನು ಅಕ್ಷರದ ತಿರುವು ನೋಡಿ ನಿರ್ಣಯಿಸುವಂತೆ, ಇಲ್ಲಿಯೂ ಉಕ್ಕನ್ನೇ ಕೇಳಬೇಕು.

ಅತ್ಯುತ್ತಮ ಸಾಕ್ಷಿಯಿರುವುದು ಪೆಡಲುಗಳ ನಡುವಣ ಗುಂಡು ಕೊಳವೆಯಲ್ಲಿ. ಇಂಗ್ಲಿಷ್ ಪದ್ಧತಿಯಲ್ಲಿ ಅದರ ಅಗಲ 68 ಮಿಲಿಮೀಟರ್, ಬಲಗಡೆಯ ಬಿ.ಬಿ. ಕಪ್ಪಿಗೆ ಎಡತಿರುವಿನ ಥ್ರೆಡ್ಡು. ಇಟಲಿಯ ಪದ್ಧತಿಯಲ್ಲಿ ಅಗಲ 70. ಥ್ರೆಡ್ಡಿನ ವ್ಯಾಸ 36 ಮಿಲಿಮೀಟರ್. ಎರಡು ಕಡೆಯೂ ಬಲತಿರುವೇ. ನಾವು ಸೈಕಲ್ಲನ್ನು ಒಯ್ದಾಗ ರಿಪೇರಿಯವನು ವಾಡಿಕೆಯಂತೆ ಬಲಗಡೆಯ ಕಪ್ಪನ್ನು ಬಿಚ್ಚಲು ಬಲಕ್ಕೇ ತಿರುಗಿಸಿದ. ಅದು ಜಗ್ಗಲಿಲ್ಲ. ಅವನು ಸುತ್ತಿಗೆ ಎತ್ತಿಕೊಂಡ. ತಡೆದು, ಅಳತೆಪಟ್ಟಿ ಹಿಡಿದು ನೋಡಿದೆವು: ಸರಿಯಾಗಿ 70. ಎಡಕ್ಕೆ ತಿರುಗಿಸಿದ ಕೂಡಲೇ ಕಪ್ಪು ಸಡಿಲಿತು. ಇನ್ನೊಂದು ಏಟು ಬಿದ್ದಿದ್ದರೆ ಇಟಲಿಯ ಆ ಸಾಕ್ಷಿ ಕುಂದಾಪುರ ತಾಲೂಕಿನಲ್ಲಿ ಪ್ರಾಣ ಬಿಡುತ್ತಿತ್ತು.

ಉಳಿದ ಸಾಕ್ಷಿಗಳೂ ಒಂದೊಂದಾಗಿ ಬಾಯಿಬಿಟ್ಟವು. ಹಿಂದಿನ ಚಕ್ರ ಕೂರುವ ಕಚ್ಚುಗಳಲ್ಲಿ ಕಂಪಾನ್ಯೊಲೊ ಎಂಬ ಕೆತ್ತನೆ. ಫೋರ್ಕಿನ ಕಾಂಡದ ಒಳಗೆ ಬೆರಳಾಡಿಸಿದರೆ ಸುರುಳಿಯಾದ ಏಣುಗಳು. ಇದು ಮಿಲಾನಿನ ಕೊಲಂಬಸ್ ಕೊಳವೆಗಳ ಗುರುತು. ಗೇರಿನ ಮೇಲೆ ‘ಪೇಟೆಂಟ್ 77’ ಎಂಬ ಅಚ್ಚು. ಆದರೆ ಹಳೆಯ ಗುಡಿಯ ಕಂಬವನ್ನು ಹೊಸ ಗುಡಿಗೆ ನಿಲ್ಲಿಸುವುದುಂಟು. ಬಿಡಿಭಾಗದ ವರ್ಷ ಫ್ರೇಮಿನ ವರ್ಷವಾಗಬೇಕಿಲ್ಲ. ಹಿಂದಿನ ಕಚ್ಚುಗಳ ನಡುವಣ ಅಂತರ 126 ಮಿಲಿಮೀಟರ್ ಇದ್ದುದು ಆ ಕಾಲಕ್ಕೆ ಒಪ್ಪುವಂತಿತ್ತು. ಐದು ಹಲ್ಲುಗಾಲಿಗಳ ಹಿಂದಿನ ಕಾಲದಲ್ಲಿ ಅದು 120 ಇರುತ್ತಿತ್ತು. ಎಪ್ಪತ್ತರ ದಶಕದ ಕೊನೆಯ ಇಟಲಿಯ ಸೈಕಲ್ಲು ಎಂದು ತೀರ್ಮಾನಿಸಿದೆವು. ಕಟ್ಟಿದವನ ಹೆಸರು ತಿಳಿಯಲಿಲ್ಲ. ಕಲ್ಲು ಕಡೆದ ರೂವಾರಿಗಳಲ್ಲಿ ಎಷ್ಟು ಮಂದಿಯ ಹೆಸರು ನಮಗೆ ತಿಳಿದಿದೆ?

ಇನ್ನು ಸುಧಾರಣೆಯ ಮಾತು. ಹಿಂದಿನ ಕಚ್ಚುಗಳನ್ನು 130ಕ್ಕೆ ಅಗಲಿಸಿ ಹೊಸ ಕಾಲದ ಚಕ್ರ ಕೂರಿಸಬೇಕೆಂಬುದು ಅಳಿಯನ ಆಸೆ. ಉಕ್ಕು ಸಹನೆಯುಳ್ಳದ್ದು, ಅಷ್ಟು ಬಾಗುತ್ತದೆ. ಅಲ್ಯುಮಿನಿಯಮ್ಮಿಗೆ ಆ ಗುಣವಿಲ್ಲ. ಆದರೂ ಬೇಡವೆಂದೆ. ಇಟಲಿಯಲ್ಲಿಯೇ 1997ರಿಂದ ‘ಲೆರೊಯಿಕಾ’ ಎಂಬ ಸವಾರಿ ನಡೆಯುತ್ತಿದೆ. 1987ಕ್ಕಿಂತ ಹಿಂದಿನ ಮಾದರಿಯ ಸೈಕಲ್ಲಿಗೆ ಮಾತ್ರ ಅಲ್ಲಿ ಪ್ರವೇಶ. ಆದರೆ ಟೈರು ಹೊಸದಿದ್ದರೆ ಯಾರೂ ಆಕ್ಷೇಪಿಸುವುದಿಲ್ಲ. ಈ ವಿವೇಕವನ್ನೇ ಅನುಸರಿಸಿದೆವು. ಸವೆಯುವುದಕ್ಕೆಂದೇ ಇರುವ ಟೈರು, ಬ್ರೇಕಿನ ರಬ್ಬರು, ತಂತಿ, ಚೈನು, ಗುಂಡುಗಳನ್ನು ಬದಲಿಸಿದೆವು. ಕೊಲ್ಲೂರಿನ ಕಡೆಯ ಏರುಗಳನ್ನು ನೆನೆದು ಹಿಂದಕ್ಕೆ 26 ಹಲ್ಲಿನವರೆಗಿನ ಫ್ರೀವೀಲು ಹಾಕಿಸಿದೆವು. ಕಡಲಗಾಳಿಯ ಉಪ್ಪಿಗೆ ಹೆದರಿ ಕೊಳವೆಗಳ ಒಳಕ್ಕೆ ಎಣ್ಣೆ ಬಿಟ್ಟೆವು. ಮಾತನಾಡುವ ಭಾಗಗಳನ್ನು ಮುಟ್ಟಲಿಲ್ಲ.

ಬಣ್ಣದ ಪ್ರಶ್ನೆ ಉಳಿದಿತ್ತು. ಅವನನ್ನು ಜಗಲಿಗೆ ಕರೆದೊಯ್ದು ಅಜ್ಜಯ್ಯನ ಸೈಕಲ್ಲು ತೋರಿಸಿದೆ. ಹೆಸರು ಗೊತ್ತಿದ್ದೂ ಊರು ಹೇಳಲಾರದ ಸೈಕಲ್ಲು ಒಂದು ಕಡೆ. ಹೆಸರಿಲ್ಲದಿದ್ದರೂ ಊರನ್ನೂ ಕಾಲವನ್ನೂ ಹೇಳಿದ ಸೈಕಲ್ಲು ಇನ್ನೊಂದು ಕಡೆ. ಅವನು ಎರಡನ್ನೂ ಸ್ವಲ್ಪ ಹೊತ್ತು ನೋಡಿದ. ಮತ್ತೆ ಬಣ್ಣದ ಮಾತೆತ್ತಲಿಲ್ಲ.

ಮರುದಿನ ಬೆಳಿಗ್ಗೆ, ಬಿಸಿಲೇರುವ ಮೊದಲೇ, ಸುಲಿದ ಕೆಂಪು ಬಣ್ಣದ ಆ ಸೈಕಲ್ಲು ಚಿತ್ತೂರಿನ ದಾರಿ ಹಿಡಿದು ಕೊಲ್ಲೂರಿನತ್ತ ಹೋಯಿತು. ನಾನು ಅಜ್ಜಯ್ಯನ ಸೈಕಲ್ಲಿನ ಚೈನಿಗೆ ಎರಡು ತೊಟ್ಟು ಎಣ್ಣೆ ಬಿಟ್ಟೆ. ಈಗ ಅದಕ್ಕೆ ನಾನು ಮಾಡಬಹುದಾದದ್ದು ಅಷ್ಟೆ.