ವಿದೇಶದಲ್ಲಿ ವಿವಾಹವಾಗಲಿಚ್ಛಿಸುವವರಿಗೆ ಮಾಹಿತಿ: ಪರವಾನಗಿ, ದಾಖಲೆಗಳು ಮತ್ತು ನೋಂದಣಿ

1. ಪೀಠಿಕೆ

ಬಾಲಿಯ ಕಡಲತೀರ, ಥಾಯ್ಲೆಂಡಿನ ದ್ವೀಪಗಳು, ಇಟಲಿಯ ಕೋಮೋ ಸರೋವರದ ದಡ ಮುಂತಾದ ಸ್ಥಳಗಳಲ್ಲಿ ವಿವಾಹ ಮಹೋತ್ಸವವನ್ನು ಏರ್ಪಡಿಸುವ ಪದ್ಧತಿಯು ರಾಜ್ಯದ ಕುಟುಂಬಗಳಲ್ಲಿಯೂ ಕಂಡುಬರುತ್ತಿದೆ. ಛತ್ರ, ಊಟೋಪಚಾರ, ಪುರೋಹಿತರು ಹಾಗೂ ಪ್ರಯಾಣದ ವ್ಯವಸ್ಥೆಯನ್ನು ಕಾರ್ಯಕ್ರಮ ಆಯೋಜಕರು ಮಾಡಿಕೊಡುತ್ತಾರೆ. ಆದರೆ ವಿವಾಹವು ಕಾನೂನಿನ ದೃಷ್ಟಿಯಲ್ಲಿ ಊರ್ಜಿತವಾಗುವಂತೆ ನೋಡಿಕೊಳ್ಳುವ ಹೊಣೆಯು ವಧೂವರರದ್ದೇ ಆಗಿರುತ್ತದೆ.

ಸಮಾರಂಭ ಮತ್ತು ಕಾನೂನುಬದ್ಧ ವಿವಾಹ ಇವೆರಡೂ ಪ್ರತ್ಯೇಕ ವಿಷಯಗಳು. ದಾಖಲೆಯಲ್ಲಿನ ಕೊರತೆಯು ಮದುವೆಯ ದಿನದಂದು ಗಮನಕ್ಕೆ ಬರುವುದಿಲ್ಲ. ಪತಿ ಅಥವಾ ಪತ್ನಿಗೆ ಅವಲಂಬಿತರ ವೀಸಾ ಪಡೆಯುವಾಗ, ಪಿಂಚಣಿ, ವಿಮೆ ಅಥವಾ ವಾರಸುದಾರಿಕೆಯ ಹಕ್ಕು ಕೇಳುವಾಗ, ಇಲ್ಲವೇ ದಾಂಪತ್ಯದಲ್ಲಿ ವಿರಸವುಂಟಾಗಿ ಜೀವನಾಂಶಕ್ಕೆ ಮೊರೆ ಹೋಗಬೇಕಾದಾಗ ಅದು ಎದುರಾಗುತ್ತದೆ. ಆದ್ದರಿಂದ ಲಗ್ನಪತ್ರಿಕೆ ಮುದ್ರಿಸುವುದಕ್ಕೂ ಮುಂಚೆ, ಕಾನೂನುಬದ್ಧ ವಿವಾಹವು ಯಾವ ದೇಶದಲ್ಲಿ, ಯಾವ ಕಾಯ್ದೆಯಡಿ ನಡೆಯತಕ್ಕದ್ದು ಎಂಬುದನ್ನು ಉಭಯ ಪಕ್ಷದವರು ನಿರ್ಧರಿಸಿಕೊಳ್ಳುವುದು ಅವಶ್ಯಕ.

2. ವಿವಾಹ ಪರವಾನಗಿ ಎಂದರೇನು?

ಹಿಂದೂ ವಿವಾಹ ಕಾಯ್ದೆ, 1955 ಮತ್ತು ವಿಶೇಷ ವಿವಾಹ ಕಾಯ್ದೆ, 1954 ಇವುಗಳಲ್ಲಿ ವಧೂವರರು ಪರವಾನಗಿ ಪಡೆಯುವ ಪದ್ಧತಿ ಇಲ್ಲ. ವಿದೇಶದಲ್ಲಿ ವಿವಾಹವಾಗಲು ರಾಜ್ಯದ ಯಾವುದೇ ಕಚೇರಿಯು ಪರವಾನಗಿಯನ್ನು ನೀಡುವುದಿಲ್ಲ. ಪರವಾನಗಿ ಅಗತ್ಯವಿರುವ ದೇಶಗಳಲ್ಲಿ ಅದನ್ನು ಅಲ್ಲಿನ ಸ್ಥಳೀಯ ಪ್ರಾಧಿಕಾರದಿಂದಲೇ ಪಡೆಯಬೇಕು. ರಾಜ್ಯದಲ್ಲಿ ಸಿದ್ಧಪಡಿಸಿಕೊಳ್ಳಬೇಕಾದದ್ದು ಅದಕ್ಕೆ ಬೇಕಾಗುವ ಪೂರಕ ದಾಖಲೆಗಳು ಮಾತ್ರ.

ಪರವಾನಗಿಯು ವಿವಾಹವಾಗಲು ನೀಡುವ ಅನುಮತಿಯೇ ಹೊರತು ವಿವಾಹ ನಡೆದಿದೆ ಎಂಬುದಕ್ಕೆ ಪುರಾವೆಯಲ್ಲ. ಪುರಾವೆಯಾಗುವುದು ವಿವಾಹಾನಂತರ ದಾಖಲಾಗುವ ವಿವಾಹ ಪ್ರಮಾಣಪತ್ರ.

3. ಲಭ್ಯವಿರುವ ಮೂರು ಮಾರ್ಗಗಳು

(ಅ) ಮೊದಲು ರಾಜ್ಯದಲ್ಲಿ ಕಾನೂನುಬದ್ಧ ವಿವಾಹ, ಅನಂತರ ವಿದೇಶದಲ್ಲಿ ಸಮಾರಂಭ

ಉಭಯರೂ ಭಾರತದಲ್ಲಿಯೇ ವಾಸವಿದ್ದಲ್ಲಿ ಇದು ಅತ್ಯಂತ ಸರಳವಾದ ಮಾರ್ಗ. ವಿಶೇಷ ವಿವಾಹ ಕಾಯ್ದೆಯಡಿ ವಿವಾಹವಾಗಲು, ವಧೂವರರ ಪೈಕಿ ಒಬ್ಬರಾದರೂ ಕನಿಷ್ಠ 30 ದಿನ ವಾಸವಿರುವ ಜಿಲ್ಲೆಯ ವಿವಾಹಾಧಿಕಾರಿಗೆ ನೋಟೀಸು ಸಲ್ಲಿಸಬೇಕು. ನೋಟೀಸು ಪ್ರಕಟವಾದ ನಂತರ 30 ದಿನಗಳ ಆಕ್ಷೇಪಣಾ ಅವಧಿ ಇರುತ್ತದೆ. ಆಕ್ಷೇಪಣೆ ಬಾರದಿದ್ದಲ್ಲಿ ಮೂವರು ಸಾಕ್ಷಿಗಳ ಸಮ್ಮುಖದಲ್ಲಿ ವಿವಾಹ ನೆರವೇರುತ್ತದೆ. ನೋಟೀಸು ನೀಡಿದ ದಿನಾಂಕದಿಂದ ಮೂರು ತಿಂಗಳೊಳಗೆ ವಿವಾಹವಾಗದಿದ್ದಲ್ಲಿ ಹೊಸದಾಗಿ ನೋಟೀಸು ನೀಡತಕ್ಕದ್ದು.

ಹಿಂದೂ ವಿವಾಹ ಕಾಯ್ದೆಯಡಿ ನೋಂದಣಿ ಬಯಸುವವರು ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಈ ಕಾಯ್ದೆಯಡಿ ಮಾಡುವ ನೋಂದಣಿಯು ಈಗಾಗಲೇ ನಡೆದಿರುವ ವಿವಾಹದ ದಾಖಲೆ ಮಾತ್ರ. ಶಾಸ್ತ್ರೋಕ್ತ ವಿಧಿಗಳು ನಡೆಯದೆ ಕೇವಲ ಪ್ರಮಾಣಪತ್ರ ಪಡೆದ ಮಾತ್ರಕ್ಕೆ ಹಿಂದೂ ವಿವಾಹವು ಊರ್ಜಿತವಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2024ರ ಏಪ್ರಿಲ್‌ನಲ್ಲಿ ನೀಡಿದ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ಆದುದರಿಂದ "ನೋಂದಣಿ ಈಗ, ಧಾರೆ ಆಮೇಲೆ ವಿದೇಶದಲ್ಲಿ" ಎಂಬ ಕ್ರಮವು ಈ ಕಾಯ್ದೆಯಡಿ ಸರಿಯಾಗುವುದಿಲ್ಲ. ಮನೆಯಲ್ಲಿ ಅಥವಾ ದೇವಸ್ಥಾನದಲ್ಲಿ ಸರಳವಾಗಿ ಧಾರೆ, ಮಾಂಗಲ್ಯಧಾರಣೆ, ಸಪ್ತಪದಿ ಮುಂತಾಗಿ ತಮ್ಮ ಸಂಪ್ರದಾಯದ ವಿಧಿಗಳನ್ನು ನೆರವೇರಿಸಿ, ಆ ದಿನಾಂಕವನ್ನೇ ನಮೂದಿಸಿ ನೋಂದಣಿ ಮಾಡಿಸುವುದು ಸೂಕ್ತ.

ಈ ಮಾರ್ಗವನ್ನು ಅನುಸರಿಸಿದವರು ವಿದೇಶದಲ್ಲಿ ಮತ್ತೊಮ್ಮೆ ಕಾನೂನುಬದ್ಧ ವಿವಾಹಕ್ಕೆ ಅರ್ಜಿ ಸಲ್ಲಿಸಬಾರದು. ವಿವಾಹಿತರು ತಾವು ಅವಿವಾಹಿತರೆಂದು ಘೋಷಿಸಿದಲ್ಲಿ ಅದು ಸುಳ್ಳು ಹೇಳಿಕೆಯಾಗುತ್ತದೆ.

(ಆ) ವಿದೇಶದ ಸ್ಥಳೀಯ ಕಾನೂನಿನಡಿ ವಿವಾಹ

ಆಯಾ ದೇಶದ ಕಾನೂನಿನಂತೆ ಪರವಾನಗಿ ಅಥವಾ ಅನುಮತಿ ಪಡೆದು ಅಲ್ಲಿನ ನೋಂದಣಿ ಕಚೇರಿಯಲ್ಲಿ ವಿವಾಹವನ್ನು ದಾಖಲಿಸುವುದು ಎರಡನೆಯ ಮಾರ್ಗ. ವಧೂವರರಲ್ಲಿ ಒಬ್ಬರಾದರೂ ಭಾರತೀಯ ಪ್ರಜೆಯಾಗಿದ್ದಲ್ಲಿ, ಇಂತಹ ವಿವಾಹವನ್ನು ವಿದೇಶಿ ವಿವಾಹ ಕಾಯ್ದೆ, 1969ರ 17ನೇ ಕಲಮಿನಡಿ ಅಲ್ಲಿನ ಭಾರತೀಯ ವಿವಾಹಾಧಿಕಾರಿಯವರಲ್ಲಿ ನೋಂದಾಯಿಸಲು ಕೋರಬಹುದು. ನೋಂದಣಿಯ ಸಮಯದಲ್ಲಿ ಕಾಯ್ದೆಯ 4ನೇ ಕಲಮಿನ ಷರತ್ತುಗಳು ಪೂರೈಕೆಯಾಗಿರಬೇಕು.

(ಇ) ಭಾರತೀಯ ರಾಯಭಾರ ಕಚೇರಿಯಲ್ಲಿ ವಿವಾಹ

ಇದೇ ಕಾಯ್ದೆಯಡಿ ನೇಮಕಗೊಂಡ ವಿವಾಹಾಧಿಕಾರಿಯ ಸಮ್ಮುಖದಲ್ಲಿಯೂ ವಿವಾಹವಾಗಬಹುದು. ಆದರೆ ವಧೂವರರಲ್ಲಿ ಒಬ್ಬರು ನೋಟೀಸಿಗೆ ಮುಂಚಿನ 30 ದಿನ ಆ ಅಧಿಕಾರಿಯ ವ್ಯಾಪ್ತಿಯಲ್ಲಿ ವಾಸವಿರಬೇಕು, ಮತ್ತು ನೋಟೀಸು ಪ್ರಕಟವಾದ ನಂತರ 30 ದಿನಗಳ ಆಕ್ಷೇಪಣಾ ಅವಧಿ ಮುಗಿಯಬೇಕು. ಒಂದು ವಾರದ ಪ್ರವಾಸಕ್ಕಾಗಿ ತೆರಳುವವರಿಗೆ ಈ ಮಾರ್ಗವು ಅನ್ವಯಿಸುವುದಿಲ್ಲ. ಆ ದೇಶದಲ್ಲಿ ಉದ್ಯೋಗ ಅಥವಾ ವ್ಯಾಸಂಗದ ನಿಮಿತ್ತ ನೆಲೆಸಿರುವವರಿಗೆ ಇದು ಉಪಯುಕ್ತ.

4. ಅರ್ಹತಾ ಷರತ್ತುಗಳು

ವಿದೇಶಿ ವಿವಾಹ ಕಾಯ್ದೆಯ 4ನೇ ಕಲಮಿನ ಪ್ರಕಾರ:

- ಉಭಯರಿಗೂ ಜೀವಂತ ಪತಿ ಅಥವಾ ಪತ್ನಿ ಇರಬಾರದು.
- ವರನಿಗೆ 21 ವರ್ಷ, ವಧುವಿಗೆ 18 ವರ್ಷ ಪೂರ್ಣಗೊಂಡಿರಬೇಕು.
- ಕಾಯ್ದೆಯಲ್ಲಿ ಹೇಳಿರುವ ಮಾನಸಿಕ ಸಾಮರ್ಥ್ಯದ ಷರತ್ತು ಪೂರೈಸಿರಬೇಕು.
- ಉಭಯರು ನಿಷೇಧಿತ ರಕ್ತಸಂಬಂಧದ ವ್ಯಾಪ್ತಿಯಲ್ಲಿರಬಾರದು. ಒಬ್ಬರಿಗಾದರೂ ಅನ್ವಯಿಸುವ ವೈಯಕ್ತಿಕ ಕಾನೂನು ಅಥವಾ ರೂಢಿಯು ಅಂತಹ ವಿವಾಹಕ್ಕೆ ಅವಕಾಶ ನೀಡಿದ್ದಲ್ಲಿ ವಿನಾಯಿತಿ ಇರುತ್ತದೆ.

ವಯಸ್ಸಿನ ವಿಷಯದಲ್ಲಿ ಎರಡೂ ದೇಶಗಳ ಕಾನೂನನ್ನು ಪರಿಶೀಲಿಸಬೇಕು. ಇಂಡೊನೇಷ್ಯದಲ್ಲಿ 2019ರ ತಿದ್ದುಪಡಿಯ ನಂತರ ಉಭಯರಿಗೂ ಕನಿಷ್ಠ ವಯಸ್ಸು 19 ವರ್ಷ. ಭಾರತದಲ್ಲಿ ಅರ್ಹಳಾದ 18 ವರ್ಷದ ವಧುವು ಅಲ್ಲಿ ಅರ್ಹಳಾಗುವುದಿಲ್ಲ. ಅದೇ ರೀತಿ ಅಮೆರಿಕದಲ್ಲಿ 18 ವರ್ಷಕ್ಕೆ ಪರವಾನಗಿ ದೊರೆತರೂ, 21 ತುಂಬದ ಭಾರತೀಯ ವರನು ಭಾರತದ ಕಾನೂನಿನ ಷರತ್ತನ್ನು ಪೂರೈಸಿದಂತಾಗುವುದಿಲ್ಲ.

ಸೋದರ ಸಂಬಂಧದ ವಿವಾಹಗಳು: ಸೋದರಮಾವ, ಸೋದರಮಾವನ ಮಗ ಅಥವಾ ಮಗಳು, ಸೋದರತ್ತೆಯ ಮಗ ಅಥವಾ ಮಗಳು ಇವರೊಡನೆ ವಿವಾಹವಾಗುವ ರೂಢಿಯು ರಾಜ್ಯದ ಅನೇಕ ಸಮುದಾಯಗಳಲ್ಲಿದೆ. ಹಿಂದೂ ವಿವಾಹ ಕಾಯ್ದೆಯು ಇಂತಹ ರೂಢಿಯನ್ನು ಮಾನ್ಯ ಮಾಡುತ್ತದೆ. ಆದರೆ ವಿದೇಶದ ಅಧಿಕಾರಿಗಳು ಈ ರೂಢಿಗೆ ಬದ್ಧರಲ್ಲ. ಲಾಸ್ ವೇಗಸ್ ನಗರವಿರುವ ಅಮೆರಿಕದ ನೆವಾಡ ರಾಜ್ಯದಲ್ಲಿ ಸೋದರಮಾವ ಮತ್ತು ಸೊಸೆ, ಅಂತೆಯೇ ಒಡಹುಟ್ಟಿದವರ ಮಕ್ಕಳ ನಡುವಿನ ವಿವಾಹಕ್ಕೆ ಅವಕಾಶವಿಲ್ಲ. ಇಟಲಿಯಲ್ಲಿ ಸೋದರಮಾವ ಮತ್ತು ಸೊಸೆಯ ನಡುವಿನ ವಿವಾಹವು ನ್ಯಾಯಾಲಯದ ಅನುಮತಿಯಿಲ್ಲದೆ ನಿಷಿದ್ಧ. ವಿಶೇಷ ವಿವಾಹ ಕಾಯ್ದೆಯ ಮೊದಲ ಅನುಸೂಚಿಯಲ್ಲಿಯೂ ಈ ಸಂಬಂಧಗಳು ನಿಷೇಧಿತವೆಂದು ನಮೂದಾಗಿವೆ. ಇಂತಹ ಸಂಬಂಧವುಳ್ಳವರು ರಾಜ್ಯದಲ್ಲಿಯೇ ತಮ್ಮ ರೂಢಿಯಂತೆ ವಿವಾಹವಾಗಿ ಹಿಂದೂ ವಿವಾಹ ಕಾಯ್ದೆಯಡಿ ನೋಂದಾಯಿಸಿಕೊಂಡು, ವಿದೇಶದಲ್ಲಿ ಸಮಾರಂಭವನ್ನು ಮಾತ್ರ ನಡೆಸುವುದು ಕ್ಷೇಮಕರ.

5. ರಾಜ್ಯದಲ್ಲಿ ಸಿದ್ಧಪಡಿಸಿಕೊಳ್ಳಬೇಕಾದ ದಾಖಲೆಗಳು

ಮೇಲಿನ (ಆ) ಮಾರ್ಗವನ್ನು ಅನುಸರಿಸುವವರಿಗೆ ಸಾಮಾನ್ಯವಾಗಿ ಈ ಕೆಳಕಂಡ ದಾಖಲೆಗಳು ಬೇಕಾಗುತ್ತವೆ:

1. ಊರ್ಜಿತವಾಗಿರುವ ಪಾಸ್‌ಪೋರ್ಟ್ ಮತ್ತು ಅಗತ್ಯವಿರುವಲ್ಲಿ ವೀಸಾ.
2. ಜನನ ಪ್ರಮಾಣಪತ್ರ. ಕನ್ನಡದಲ್ಲಿ ಮಾತ್ರ ಇರುವ ಹಳೆಯ ಪ್ರಮಾಣಪತ್ರಕ್ಕೆ ಬದಲಾಗಿ ಇಂಗ್ಲಿಷ್ ವಿವರಗಳಿರುವ ಪ್ರತಿಯನ್ನು ಪಡೆಯುವುದು ಒಳಿತು.
3. ಅವಿವಾಹಿತ ಸ್ಥಿತಿಯ ಬಗ್ಗೆ ಛಾಪಾ ಕಾಗದದ ಮೇಲೆ ಮಾಡಿದ, ನೋಟರಿಯವರಿಂದ ದೃಢೀಕೃತವಾದ ಪ್ರಮಾಣಪತ್ರ, ಅಂದರೆ ಅಫಿಡವಿಟ್.
4. ವಿಚ್ಛೇದಿತರಾಗಿದ್ದಲ್ಲಿ ನ್ಯಾಯಾಲಯದ ಡಿಕ್ರಿಯ ದೃಢೀಕೃತ ಪ್ರತಿ. ಮೇಲ್ಮನವಿಯ ಅವಧಿ ಮುಗಿದಿರಬೇಕು ಅಥವಾ ಮೇಲ್ಮನವಿಯು ವಜಾ ಆಗಿರಬೇಕು.
5. ವಿಧುರರು ಅಥವಾ ವಿಧವೆಯರಾಗಿದ್ದಲ್ಲಿ ಹಿಂದಿನ ಪತಿ ಅಥವಾ ಪತ್ನಿಯ ಮರಣ ಪ್ರಮಾಣಪತ್ರ ಮತ್ತು ಹಿಂದಿನ ವಿವಾಹದ ದಾಖಲೆ.

ಹೆಸರಿನ ವ್ಯತ್ಯಾಸ: ಶಾಲಾ ದಾಖಲೆಯಲ್ಲಿ ಇನಿಷಿಯಲ್ ಸಹಿತ ಹೆಸರು, ಪಾಸ್‌ಪೋರ್ಟಿನಲ್ಲಿ ಊರಿನ ಮತ್ತು ತಂದೆಯ ಹೆಸರನ್ನು ಬಿಡಿಸಿ ಬರೆದ ಹೆಸರು, ಜನನ ಪ್ರಮಾಣಪತ್ರದಲ್ಲಿ ಹೆಸರೇ ನಮೂದಾಗದಿರುವುದು ಇವು ರಾಜ್ಯದ ಅರ್ಜಿದಾರರಲ್ಲಿ ಸಾಮಾನ್ಯವಾಗಿ ಕಂಡುಬರುವ ತೊಡಕುಗಳು. ವಿದೇಶದ ನೋಂದಣಾಧಿಕಾರಿಗೆ ಇವು ಬೇರೆ ಬೇರೆ ವ್ಯಕ್ತಿಗಳ ಹೆಸರಾಗಿ ತೋರಬಹುದು. ಎಲ್ಲ ದಾಖಲೆಗಳೂ ಪಾಸ್‌ಪೋರ್ಟಿನಲ್ಲಿರುವ ಹೆಸರಿಗೆ ಅನುಗುಣವಾಗಿರುವಂತೆ ಮುಂಚಿತವಾಗಿಯೇ ತಿದ್ದುಪಡಿ ಮಾಡಿಸಿಕೊಳ್ಳತಕ್ಕದ್ದು.

6. ಅಪೋಸ್ಟಿಲ್ ದೃಢೀಕರಣ

ಒಂದು ದೇಶದ ದಾಖಲೆಯನ್ನು ಮತ್ತೊಂದು ದೇಶವು ಒಪ್ಪಿಕೊಳ್ಳಲು, ಅದರ ಮೇಲಿನ ಸಹಿ ಮತ್ತು ಮೊಹರು ನೈಜವೆಂದು ದೃಢೀಕರಿಸಬೇಕಾಗುತ್ತದೆ. 1961ರ ಹೇಗ್ ಒಪ್ಪಂದದ ಸದಸ್ಯ ದೇಶಗಳಿಗಾಗಿ ನೀಡುವ ಇಂತಹ ದೃಢೀಕರಣವೇ ಅಪೋಸ್ಟಿಲ್. ಈ ಒಪ್ಪಂದವು ಭಾರತಕ್ಕೆ 2005ರ ಜುಲೈ 14ರಿಂದ ಅನ್ವಯಿಸುತ್ತಿದೆ. ದಾಖಲೆಯನ್ನು ಮೊದಲು ರಾಜ್ಯ ಸರ್ಕಾರದ ನಿಯೋಜಿತ ಪ್ರಾಧಿಕಾರದಿಂದ ದೃಢೀಕರಿಸಿಕೊಂಡು, ಅನಂತರ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್‌ಗೆ ಸಲ್ಲಿಸಬೇಕು. 2019ರಿಂದ ಈ ಸೇವೆಯು ಬೆಂಗಳೂರಿನಲ್ಲಿಯೂ ಲಭ್ಯವಿದೆ. ಒಪ್ಪಂದದ ಸದಸ್ಯರಲ್ಲದ ದೇಶಗಳಿಗೆ ಸಚಿವಾಲಯದ ದೃಢೀಕರಣದ ಜೊತೆಗೆ ಆ ದೇಶದ ರಾಯಭಾರ ಕಚೇರಿಯ ದೃಢೀಕರಣವೂ ಬೇಕಾಗುತ್ತದೆ.

ಅಪೋಸ್ಟಿಲ್ ದಾಖಲೆಯ ಸಹಿಯನ್ನು ದೃಢೀಕರಿಸುತ್ತದೆಯೇ ವಿನಾ ಅದರಲ್ಲಿನ ವಿಷಯವನ್ನಲ್ಲ. ಅಫಿಡವಿಟ್‌ನಲ್ಲಿ ಸುಳ್ಳು ವಿವರ ನೀಡಿದವರಿಗೆ ಅದು ಯಾವ ರಕ್ಷಣೆಯನ್ನೂ ನೀಡುವುದಿಲ್ಲ.

7. ಕೆಲವು ದೇಶಗಳ ನಿಯಮಗಳು

ಅಮೆರಿಕ (ನೆವಾಡ ರಾಜ್ಯ): ವಧೂವರರಿಬ್ಬರೂ ಖುದ್ದಾಗಿ ಹಾಜರಾಗಿ ಪಾಸ್‌ಪೋರ್ಟ್ ತೋರಿಸಿ ಕೌಂಟಿ ಕಚೇರಿಯಿಂದ ಪರವಾನಗಿ ಪಡೆಯಬೇಕು. ಕಾಯುವ ಅವಧಿ ಇಲ್ಲ. ಪರವಾನಗಿಯು ಒಂದು ವರ್ಷ ಊರ್ಜಿತವಾಗಿರುತ್ತದೆ. ವಿವಾಹ ನಡೆಸಿಕೊಟ್ಟವರು ಆ ಬಗ್ಗೆ ಕೌಂಟಿ ಕಚೇರಿಗೆ ದಾಖಲೆ ಸಲ್ಲಿಸಿದ ನಂತರವೇ ಪ್ರಮಾಣಪತ್ರ ದೊರೆಯುತ್ತದೆ. ಇತರ ರಾಜ್ಯಗಳಲ್ಲಿ ನಿಯಮಗಳು ಭಿನ್ನವಾಗಿವೆ.

ಇಂಡೊನೇಷ್ಯ (ಬಾಲಿ): 1974ರ ವಿವಾಹ ಕಾನೂನಿನಂತೆ ವಿವಾಹವು ವಧೂವರರ ಧರ್ಮದ ವಿಧಿಯಂತೆ ನಡೆಯಬೇಕು. ಅಲ್ಲಿ ಮಾನ್ಯವಾಗಿರುವ ಧರ್ಮಗಳಲ್ಲಿ ಹಿಂದೂ ಧರ್ಮವೂ ಒಂದು. ಭಿನ್ನ ಧರ್ಮೀಯರ ವಿವಾಹಕ್ಕೆ ತೊಡಕುಗಳಿವೆ. ಧಾರ್ಮಿಕ ವಿಧಿಯ ನಂತರ ಮುಸ್ಲಿಮೇತರರು ನಾಗರಿಕ ನೋಂದಣಿ ಕಚೇರಿಯಲ್ಲಿ ವಿವಾಹವನ್ನು ನೋಂದಾಯಿಸಬೇಕು. ವಿವಾಹಕ್ಕೆ ಅಡ್ಡಿಯಿಲ್ಲವೆಂಬ ಪ್ರಮಾಣಪತ್ರಕ್ಕಾಗಿ ಬಾಲಿಯಲ್ಲಿರುವ ಭಾರತದ ಕಾನ್ಸುಲೇಟ್ ಜನರಲ್ ಕಚೇರಿಯನ್ನು ಸಂಪರ್ಕಿಸಬಹುದು.

ಥಾಯ್ಲೆಂಡ್: ಅಲ್ಲಿನ ಸಿವಿಲ್ ಸಂಹಿತೆಯಂತೆ ನೋಂದಣಿಯಾದಲ್ಲಿ ಮಾತ್ರ ವಿವಾಹವು ಊರ್ಜಿತವಾಗುತ್ತದೆ, ಹೋಟೆಲಿನಲ್ಲಿ ನಡೆದ ಸಮಾರಂಭಕ್ಕೆ ಅಲ್ಲಿ ಕಾನೂನಿನ ಮಾನ್ಯತೆ ಇಲ್ಲ. ಅವಿವಾಹಿತ ಸ್ಥಿತಿಯ ಬಗ್ಗೆ ರಾಯಭಾರ ಕಚೇರಿಯಿಂದ ಪಡೆದ ದಾಖಲೆಯನ್ನು ಥಾಯ್ ಭಾಷೆಗೆ ಅನುವಾದಿಸಿ, ಅಲ್ಲಿನ ವಿದೇಶಾಂಗ ಸಚಿವಾಲಯದಿಂದ ದೃಢೀಕರಿಸಿಕೊಂಡು ಜಿಲ್ಲಾ ಕಚೇರಿಗೆ ಸಲ್ಲಿಸಬೇಕು.

ಇಟಲಿ: ಸಿವಿಲ್ ಸಂಹಿತೆಯ 116ನೇ ವಿಧಿಯಂತೆ, ವಿವಾಹಕ್ಕೆ ಅಡ್ಡಿಯಿಲ್ಲವೆಂದು ಸ್ವದೇಶದ ಸಕ್ಷಮ ಪ್ರಾಧಿಕಾರವು ನೀಡಿದ ಘೋಷಣೆಯನ್ನು ವಿದೇಶಿಯರು ಹಾಜರುಪಡಿಸಬೇಕು. ರಾಯಭಾರ ಅಥವಾ ಕಾನ್ಸುಲೇಟ್ ಕಚೇರಿಗಳು ನೀಡುವ ದಾಖಲೆಗಳಿಗೆ ಅಪೋಸ್ಟಿಲ್ ಅನ್ವಯಿಸದ ಕಾರಣ, ಅವುಗಳನ್ನು ಅಲ್ಲಿನ ಪ್ರಿಫೆಕ್ಚರ್ ಕಚೇರಿಯಲ್ಲಿ ದೃಢೀಕರಿಸಬೇಕು. ಹಿಂದಿನ ವಿವಾಹವು ಕೊನೆಗೊಂಡು 300 ದಿನಗಳಾಗದ ಮಹಿಳೆಯ ಮರುವಿವಾಹಕ್ಕೆ ನಿರ್ಬಂಧಗಳಿವೆ.

8. ವಿವಾಹಾನಂತರದ ಕ್ರಮ

ವಿವಾಹ ಪ್ರಮಾಣಪತ್ರದ ದೃಢೀಕೃತ ಪ್ರತಿಗಳನ್ನು ಒಂದಕ್ಕಿಂತ ಹೆಚ್ಚು ಸಂಖ್ಯೆಯಲ್ಲಿ ಪಡೆದುಕೊಳ್ಳಬೇಕು. ವಿದೇಶದ ಪ್ರಮಾಣಪತ್ರಕ್ಕೆ ಅದನ್ನು ನೀಡಿದ ದೇಶವೇ ಅಪೋಸ್ಟಿಲ್ ಮಾಡಬೇಕು. ಭಾರತಕ್ಕೆ ಮರಳಿದ ನಂತರ ಇಲ್ಲಿ ಮಾಡಿಸಲು ಸಾಧ್ಯವಿಲ್ಲ. ಪ್ರಮಾಣಪತ್ರವು ಸ್ಥಳೀಯ ಭಾಷೆಯಲ್ಲಿದ್ದಲ್ಲಿ ಅಧಿಕೃತ ಇಂಗ್ಲಿಷ್ ಅನುವಾದವನ್ನು ಅಲ್ಲಿಯೇ ಮಾಡಿಸಿಕೊಳ್ಳುವುದು ಸೂಕ್ತ. ಹೆಸರು ಬದಲಾಯಿಸಲು ಇಚ್ಛಿಸುವವರು ಪ್ರಯಾಣ ಮುಗಿಯುವವರೆಗೆ ಪಾಸ್‌ಪೋರ್ಟಿನಲ್ಲಿರುವ ಹೆಸರನ್ನೇ ಎಲ್ಲೆಡೆ ಬಳಸತಕ್ಕದ್ದು.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸಿದ್ಧತೆಯನ್ನು ಎಷ್ಟು ಮುಂಚಿತವಾಗಿ ಆರಂಭಿಸಬೇಕು?
ಉತ್ತರ: ಹೆಸರಿನ ತಿದ್ದುಪಡಿ, ದೃಢೀಕರಣ ಮತ್ತು ಅನುವಾದಕ್ಕೆ ತಗಲುವ ಕಾಲವನ್ನು ಗಮನಿಸಿ ಕನಿಷ್ಠ ನಾಲ್ಕು ತಿಂಗಳು ಮುಂಚಿತವಾಗಿ ಆರಂಭಿಸುವುದು ಒಳ್ಳೆಯದು. ಆದರೆ ಅವಿವಾಹಿತ ಸ್ಥಿತಿಯ ದಾಖಲೆಯು ಇತ್ತೀಚಿನದಾಗಿರಬೇಕೆಂದು ಹಲವು ಕಚೇರಿಗಳು ಅಪೇಕ್ಷಿಸುವುದರಿಂದ ಅದನ್ನು ಕೊನೆಯ ಹಂತದಲ್ಲಿ ಮಾಡಿಸಬೇಕು.

ಪ್ರಶ್ನೆ: ವಿದೇಶದ ಹೋಟೆಲಿನಲ್ಲಿ ಪುರೋಹಿತರ ಸಮ್ಮುಖದಲ್ಲಿ ಸಪ್ತಪದಿ ನಡೆದರೆ ಸಾಲದೇ?
ಉತ್ತರ: ಭಾರತದಲ್ಲಿ ಕಾಯಂ ನೆಲೆಯುಳ್ಳ ಹಿಂದೂಗಳು ಹೊರದೇಶದಲ್ಲಿದ್ದಾಗಲೂ ಹಿಂದೂ ವಿವಾಹ ಕಾಯ್ದೆಯು ಅವರಿಗೆ ಅನ್ವಯಿಸುತ್ತದೆ. ಆದರೂ ಅಲ್ಲಿನ ಸರ್ಕಾರದ ದಾಖಲೆಯಿಲ್ಲದಿದ್ದಲ್ಲಿ ವಿಧಿಗಳು ನಡೆದದ್ದನ್ನು ಛಾಯಾಚಿತ್ರ ಮತ್ತು ಸಾಕ್ಷಿಗಳ ಮೂಲಕವೇ ರುಜುವಾತುಪಡಿಸಬೇಕಾಗುತ್ತದೆ. ವಿವಾದವುಂಟಾದಾಗ ಈ ಹೊರೆಯು ಹೆಚ್ಚಾಗಿ ಪತ್ನಿಯ ಮೇಲೆ ಬೀಳುತ್ತದೆ. ಆದ್ದರಿಂದ ಕೇವಲ ಇದನ್ನೇ ಅವಲಂಬಿಸುವುದು ಸೂಕ್ತವಲ್ಲ.

ಪ್ರಶ್ನೆ: ರಾಜ್ಯದಲ್ಲಿ ನೋಂದಾಯಿಸಿದ ನಂತರ ವಿದೇಶದ ಸಮಾರಂಭದ ದಿನಾಂಕವನ್ನು ವಿವಾಹದ ದಿನಾಂಕವೆಂದು ಬಳಸಬಹುದೇ?
ಉತ್ತರ: ಬಳಸಬಾರದು. ವೀಸಾ, ಬ್ಯಾಂಕ್, ವಿಮೆ ಮುಂತಾದ ಎಲ್ಲ ಅರ್ಜಿಗಳಲ್ಲಿ ಪ್ರಮಾಣಪತ್ರದಲ್ಲಿರುವ ದಿನಾಂಕವನ್ನೇ ನಮೂದಿಸತಕ್ಕದ್ದು.

ಪ್ರಶ್ನೆ: ಆಯೋಜಕರು "ಎಲ್ಲ ಕಾಗದಪತ್ರ ನಮ್ಮದೇ ಹೊಣೆ" ಎಂದು ಹೇಳಿದಲ್ಲಿ?
ಉತ್ತರ: ವಿವಾಹವು ಯಾವ ಕಚೇರಿಯಲ್ಲಿ ನೋಂದಣಿಯಾಗುವುದು, ಯಾವ ಪ್ರಮಾಣಪತ್ರ ದೊರೆಯುವುದು ಎಂಬುದನ್ನು ಅವರಿಂದ ಲಿಖಿತವಾಗಿ ಪಡೆಯಬೇಕು. ಆಯೋಜಕರು ಅಥವಾ ಹೋಟೆಲಿನವರು ನೀಡುವ ಅಲಂಕಾರಿಕ ಪ್ರಮಾಣಪತ್ರವು ಕಾನೂನಿನ ದಾಖಲೆಯಲ್ಲ.

10. ಸೂಚನೆ

ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ವಿದೇಶಗಳ ನಿಯಮ ಹಾಗೂ ಶುಲ್ಕಗಳು ಕಾಲಕಾಲಕ್ಕೆ ಬದಲಾಗುವುದರಿಂದ, ಪ್ರಯಾಣದ ಟಿಕೆಟ್ ಕಾಯ್ದಿರಿಸುವ ಮೊದಲು ಸಂಬಂಧಪಟ್ಟ ದೇಶದ ರಾಯಭಾರ ಕಚೇರಿ ಮತ್ತು ಆ ದೇಶದಲ್ಲಿರುವ ಭಾರತೀಯ ರಾಯಭಾರ ಕಚೇರಿಯಿಂದ ವಿವರಗಳನ್ನು ಖಚಿತಪಡಿಸಿಕೊಳ್ಳತಕ್ಕದ್ದು. ರಾಜ್ಯದಲ್ಲಿನ ನೋಂದಣಿಗೆ ಸಂಬಂಧಿಸಿದಂತೆ ವ್ಯಾಪ್ತಿಯ ಉಪನೋಂದಣಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದು.